ಕಾಗದದಲ್ಲಿ ಆಫ್ರಿಕಾ, ಕಡಲಲ್ಲಿ ಅಮೆರಿಕ: ಯು-869 ಎಂಬ ಸಬ್‌ಮರೀನಿನ ಪ್ರಕರಣ

ಒಂದು ಸಬ್‌ಮರೀನ್ ಎರಡು ಕಡೆ ಮುಳುಗೋಕೆ ಆಗಲ್ಲ. ಆದರೆ ಜರ್ಮನಿಯ ಯು-869 ವಿಷಯದಲ್ಲಿ ಹೆಚ್ಚುಕಡಿಮೆ ಹಾಗೇ ಆಯಿತು. ಎರಡನೇ ಮಹಾಯುದ್ಧದ ಅಧಿಕೃತ ದಾಖಲೆಗಳ ಪ್ರಕಾರ ಅದು 1945ರ ಫೆಬ್ರವರಿ 28ರಂದು ಮೊರಾಕ್ಕೊದ ರಬಾತ್ ಹತ್ತಿರ ಮುಳುಗಿತ್ತು. ನಿಜವಾಗಿ ಬಿದ್ದಿದ್ದು ಎಲ್ಲಿ ಅಂದರೆ ಅಮೆರಿಕದ ನ್ಯೂಜೆರ್ಸಿ ತೀರದಿಂದ ಸುಮಾರು 100 ಕಿಲೋಮೀಟರ್ ಆಚೆ, 70 ಮೀಟರ್ ಆಳದಲ್ಲಿ. ನಡುವೆ ಇಡೀ ಅಟ್ಲಾಂಟಿಕ್ ಸಾಗರ. ಈ ತಪ್ಪು ಗೊತ್ತಾಗೋಕೆ ಐವತ್ತು ವರ್ಷಕ್ಕೂ ಜಾಸ್ತಿ ಬೇಕಾಯಿತು.

ಈ ಕಥೆಯನ್ನು ಸಾಮಾನ್ಯವಾಗಿ ಡೈವರ್‌ಗಳ ಸಾಹಸವಾಗಿ ಹೇಳುತ್ತಾರೆ. ಸಾಹಸ ನಿಜವೇ. ಆದರೆ ನನಗೆ ಅದಕ್ಕಿಂತ ಕುತೂಹಲ ಹುಟ್ಟಿಸಿದ್ದು ಆ ಕಡತ. ಆಫ್ರಿಕಾ ಅಂತ ಬರೆದವರು ಯಾರೂ ಸುಳ್ಳು ಹೇಳಿರಲಿಲ್ಲ, ಸೋಮಾರಿಗಳೂ ಆಗಿರಲಿಲ್ಲ. ಕೈಯಲ್ಲಿದ್ದ ಮಾಹಿತಿಯನ್ನು ಜೋಡಿಸಿದರು, ಸರಿಯಾಗಿ ಕೂತಿತು, ಕಡತ ಮುಚ್ಚಿದರು. ಮುಚ್ಚಿದ ಮೇಲೆ ಅದನ್ನು ಮತ್ತೆ ತೆಗೆದು ನೋಡುವ ಅಗತ್ಯ ಯಾರಿಗೂ ಕಾಣಲಿಲ್ಲ, ಅಷ್ಟೇ.

ಮೊದಲು ಒಂದು ವಿಷಯ ತಲೆಯಲ್ಲಿರಲಿ. ಮೇಲೆ ಓಡಾಡುವ ಹಡಗು ಮುಳುಗಿದರೆ ಯಾರಾದರೂ ನೋಡಿರುತ್ತಾರೆ. ಕೊನೆಗೆ ಒಂದು ತುರ್ತು ಸಂದೇಶವಾದರೂ ಹೊರಡುತ್ತದೆ, ದೋಣಿಗಳಲ್ಲಿ ನಾಲ್ಕು ಜನರಾದರೂ ಉಳಿಯುತ್ತಾರೆ. ಸಬ್‌ಮರೀನಿಗೆ ಆ ಭಾಗ್ಯ ಇಲ್ಲ. ನೀರಿನ ಕೆಳಗೆ ಪೆಟ್ಟು ಬಿದ್ದರೆ ನಿಮಿಷಗಳಲ್ಲಿ ಎಲ್ಲ ಮುಗಿದು ಹೋಗುತ್ತದೆ. ಮೇಲಿನ ಶತ್ರುವಿಗೆ ಕಾಣುವುದು ಒಂದಿಷ್ಟು ಎಣ್ಣೆ, ಒಂದಿಷ್ಟು ಗುಳ್ಳೆ. ಊರಿನ ಮುಖ್ಯ ಕಚೇರಿಗೆ ಕೇಳಿಸುವುದು ಬರೀ ಮೌನ. ಆ ಮೌನವೂ ದೊಡ್ಡ ಸುಳಿವೇನಲ್ಲ, ಯಾಕೆಂದರೆ ರೇಡಿಯೋ ಬಳಸಿದರೆ ಶತ್ರು ದಿಕ್ಕು ಹಿಡಿದು ಬಂದುಬಿಡುತ್ತಾನೆ ಅಂತ ಬದುಕಿರುವ ಸಬ್‌ಮರೀನ್ ಕೂಡ ವಾರಗಟ್ಟಲೆ ಬಾಯಿ ಬಿಡುವುದಿಲ್ಲ. ಯುದ್ಧದಲ್ಲಿ ಜರ್ಮನಿಯ ಯು-ಬೋಟ್‌ಗಳಲ್ಲಿ, ಅಂದರೆ ಸಬ್‌ಮರೀನ್‌ಗಳಲ್ಲಿ, ಕೆಲಸ ಮಾಡಿದ ಸುಮಾರು 40,000 ಜನರಲ್ಲಿ 30,000ದಷ್ಟು ಜನ ವಾಪಸ್ ಬರಲಿಲ್ಲ. ಅಮೆರಿಕ ತನ್ನ 52 ಸಬ್‌ಮರೀನ್‌ಗಳನ್ನು ಕಳೆದುಕೊಂಡಿತು. ಇವುಗಳಲ್ಲಿ ಎಷ್ಟೋ ಬೋಟ್‌ಗಳ ಕೊನೆಯ ಗಳಿಗೆ ಏನು ಅನ್ನುವುದು ಸಾಕ್ಷಿ ನೋಡಿ ಬರೆದದ್ದಲ್ಲ, ಲೆಕ್ಕ ಹಾಕಿ ಬರೆದದ್ದು.

ಹೊರಟ ಬಗೆ

ಯು-869 ದೊಡ್ಡ ಬೋಟು. ಬ್ರೆಮೆನ್ ನಗರದ ಎ.ಜಿ. ವೇಸರ್ ಹಡಗುಕಟ್ಟೆಯಲ್ಲಿ ಕಟ್ಟಿದ ಒಂಬತ್ತು-ಸಿ/40 ಮಾದರಿ. 76 ಮೀಟರ್‌ಗಿಂತ ಉದ್ದ, ಮುಂದೆ ನಾಲ್ಕು ಹಿಂದೆ ಎರಡು ಟಾರ್ಪೆಡೊ ಕೊಳವೆ, ದೂರದ ಕಡಲಿಗೆ ಅಂತಲೇ ಮಾಡಿದ್ದು. 1944ರ ಜನವರಿಯಲ್ಲಿ ನೌಕಾಪಡೆಗೆ ಸೇರಿತು. ಕಮಾಂಡರ್ ಹೆಲ್ಮುಟ್ ನಾಯರ್‌ಬುರ್ಗ್‌ಗೆ ಆಗ 27ರ ಆಸುಪಾಸು. ಅವರ ಜೊತೆ ಇದ್ದವರಲ್ಲಿ ಬಹುಪಾಲು ಅವರಿಗಿಂತ ಚಿಕ್ಕ ಹುಡುಗರು. ಎಲ್ಲ ಸೇರಿ 56 ಜನ. ಹೊರಡುವ ಮುಂಚೆ ಒಬ್ಬ ರೇಡಿಯೋ ಆಪರೇಟರ್ ಕಾಯಿಲೆ ಬಿದ್ದು ದಡದಲ್ಲೇ ಉಳಿದ. ಹಾಗಾಗಿ ಬದುಕಿದ.

1944ರ ಡಿಸೆಂಬರ್ ಮೊದಲ ಭಾಗದಲ್ಲಿ ಬೋಟು ನಾರ್ವೆಯಿಂದ ಹೊರಟಿತು. ಅದು ಅದರ ಮೊದಲ ಮತ್ತು ಕೊನೆಯ ಗಸ್ತು. ಆ ಹೊತ್ತಿಗೆ ಯುದ್ಧ ಜರ್ಮನಿಯ ಕೈತಪ್ಪಿ ಹೋಗಿತ್ತು. ಅಟ್ಲಾಂಟಿಕ್‌ಗೆ ಹೊರಟ ಯು-ಬೋಟ್ ವಾಪಸ್ ಬರುವುದೇ ಅಪರೂಪ ಅನ್ನುವಂಥ ಕಾಲ. ಕಡಲಲ್ಲಿ ಇರುವಾಗ ಆದೇಶ ಬಂತು: ನ್ಯೂಯಾರ್ಕ್ ಬಂದರಿನ ಹತ್ತಿರ ಹೋಗಿ ಹಡಗುಗಳಿಗೆ ಕಾಯಿ.

ಇಲ್ಲಿಂದ ಮುಂದೆ ಎಲ್ಲವೂ ರೇಡಿಯೋ ಮೇಲೆ ನಿಂತಿದೆ. 1945ರ ಜನವರಿ ಮೊದಲ ವಾರದಲ್ಲಿ ಬೋಟು ತಾನು ಎಲ್ಲಿದ್ದೇನೆ ಅಂತ ತಿಳಿಸಿತು. ಮುಖ್ಯ ಕಚೇರಿಗೆ ಆಶ್ಚರ್ಯ. ಅವರ ಲೆಕ್ಕದಲ್ಲಿ ಅದು ಇನ್ನೂ ಎಷ್ಟೋ ಮುಂದೆ ಹೋಗಿರಬೇಕಿತ್ತು. ನಾಯರ್‌ಬುರ್ಗ್ ಹತ್ತಿರದ ದಾರಿ ಬಿಟ್ಟು, ಗ್ರೀನ್‌ಲ್ಯಾಂಡ್ ಮತ್ತು ಐಸ್‌ಲ್ಯಾಂಡ್ ನಡುವಿನ ಡೆನ್ಮಾರ್ಕ್ ಜಲಸಂಧಿಯ ಕಡೆಯಿಂದ ಸುತ್ತಿಕೊಂಡು ಹೋಗಿದ್ದರು. ಸುತ್ತು ಜಾಸ್ತಿ, ಅಪಾಯ ಕಡಿಮೆ. ಆದರೆ ಹಾಗೆ ಸುತ್ತಿದರೆ ಡೀಸೆಲ್ ಖರ್ಚಾಗುತ್ತದೆ. ನ್ಯೂಯಾರ್ಕ್ ತಲುಪಿದ ಮೇಲೆ ಅಲ್ಲಿ ಕಾದು ಕೂರಲು ಎಣ್ಣೆ ಉಳಿಯಲ್ಲ ಅಂತ ಲೆಕ್ಕ ಹಾಕಿದ ಕಚೇರಿ ಆದೇಶ ಬದಲಾಯಿಸಿತು. ಅಮೆರಿಕ ಬೇಡ, ಸ್ಪೇನ್ ಮತ್ತು ಮೊರಾಕ್ಕೊ ನಡುವಿನ ಜಿಬ್ರಾಲ್ಟರ್ ಕಡೆ ಹೋಗು.

ಈ ಎರಡನೇ ಆದೇಶಕ್ಕೆ ಯು-869ರಿಂದ ಉತ್ತರ ಬರಲಿಲ್ಲ. ಕಚೇರಿಯವರು ಇದನ್ನು ಒಪ್ಪಿಗೆ ಅಂತಲೇ ತೆಗೆದುಕೊಂಡರು. ಉತ್ತರ ಕೊಡದಿರುವುದು ಆಗ ಮಾಮೂಲಿ, ಮೇಲೆ ಹೇಳಿದ ಕಾರಣಕ್ಕೇ. ಆದರೆ ಆದೇಶ ಕೇಳಿಸಿಕೊಂಡು ಸುಮ್ಮನಿರುವ ಬೋಟಿಗೂ ಆದೇಶವೇ ಕೇಳಿಸದ ಬೋಟಿಗೂ ದಡದಿಂದ ನೋಡಿದರೆ ಏನೂ ವ್ಯತ್ಯಾಸ ಕಾಣಲ್ಲ, ಅಲ್ವಾ? ನಕ್ಷೆಯ ಮೇಲಿನ ಗುರುತನ್ನು ಅವರು ಪೂರ್ವಕ್ಕೆ ಸರಿಸಿದರು. ಕಡಲಿನಲ್ಲಿದ್ದ ಬೋಟು ಪಶ್ಚಿಮಕ್ಕೇ ಹೋಗುತ್ತಿತ್ತು.

ಕಡತ ಹುಟ್ಟಿದ್ದು ಹೇಗೆ

ಫೆಬ್ರವರಿ 28ರಂದು ರಬಾತ್ ಕಡೆಯ ಕಡಲಲ್ಲಿ ಕಾನ್ವಾಯ್ (ಒಟ್ಟಾಗಿ ಸಾಗುವ ಹಡಗುಗಳ ಗುಂಪು) ಒಂದಕ್ಕೆ ಬೆಂಗಾವಲಾಗಿದ್ದ ಅಮೆರಿಕದ ಫೌಲರ್ ಎಂಬ ಹಡಗಿಗೆ ಸೋನಾರ್‌ನಲ್ಲಿ, ಅಂದರೆ ಸದ್ದಿನಿಂದ ನೀರಿನಡಿಯ ವಸ್ತು ಪತ್ತೆಹಚ್ಚುವ ಸಾಧನದಲ್ಲಿ, ಏನೋ ಸಿಕ್ಕಿತು. ಅದು ಡೆಪ್ತ್ ಚಾರ್ಜ್ (ನಿಗದಿತ ಆಳದಲ್ಲಿ ಸಿಡಿಯುವ ಬಾಂಬು) ಹಾಕಿತು. ಆಮೇಲೆ ಲ್ಯಾಂಡಿಸ್ಕ್ರೆ ಎಂಬ ಫ್ರೆಂಚ್ ಗಸ್ತು ಹಡಗು ಕೂಡ ಹಾಕಿತು. ಹೆಣ ಇಲ್ಲ, ಮರದ ಚೂರು ಇಲ್ಲ, ಕೈಗೆ ಹಿಡಿದು ತೋರಿಸುವಂಥ ಏನೂ ಸಿಗಲಿಲ್ಲ. ಯುದ್ಧದ ಸಮಯದಲ್ಲೇ ಈ ವರದಿಯನ್ನು ಪರಿಶೀಲಿಸಿದ ಅಧಿಕಾರಿಗಳು ಇದಕ್ಕೆ ಮಹತ್ವ ಕೊಡಲಿಲ್ಲ.

ಅವರು ಸುಮ್ನೆ ಹಾಗೆ ಮಾಡಿದ್ದಲ್ಲ. ಹಡಗಿನ ಕ್ಯಾಪ್ಟನ್‌ಗಳಿಗೆ ತಾವು ಹೊಡೆದದ್ದೆಲ್ಲ ಮುಳುಗಿತು ಅನ್ನಿಸುವುದು ಸಹಜ. ಸೋನಾರ್‌ಗೆ ಮೀನಿನ ಹಿಂಡೂ ಸಬ್‌ಮರೀನೇ, ತಳದಲ್ಲಿ ಬಿದ್ದ ಹಳೇ ಹಡಗೂ ಸಬ್‌ಮರೀನೇ. ಮೇಲೆ ಎಣ್ಣೆ ತೇಲಿದರೂ ಕೆಳಗೆ ಬರೀ ಟ್ಯಾಂಕ್ ಸೋರಿರಬಹುದು, ಬೋಟು ನುಣುಚಿಕೊಂಡು ಹೋಗಿರಬಹುದು. ಅದಕ್ಕೇ ಪರಿಶೀಲನೆ ಮಾಡುವವರು ಪುರಾವೆ ಕೇಳುತ್ತಿದ್ದರು. ಪುರಾವೆ ಇಲ್ಲದಿದ್ದರೆ ಕೆಳದರ್ಜೆ.

ಯುದ್ಧ ಮುಗಿದ ಮೇಲೆ ಜರ್ಮನ್ ನೌಕಾಪಡೆಯ ದಾಖಲೆಗಳು ಮಿತ್ರಪಕ್ಷಗಳ ಕೈಗೆ ಬಂದವು. ಆಗ ಹೊಸ ಕೆಲಸ ಶುರುವಾಯಿತು. ಒಂದು ಕಡೆ ವಾಪಸ್ ಬಾರದ ಬೋಟ್‌ಗಳ ಪಟ್ಟಿ. ಇನ್ನೊಂದು ಕಡೆ ದಾಳಿಗಳ ಪಟ್ಟಿ. ಇದನ್ನು ಅದಕ್ಕೆ, ಅದನ್ನು ಇದಕ್ಕೆ ಹೊಂದಿಸಬೇಕು, ಮದುವೆ ದಲ್ಲಾಳಿಗಳು ಜಾತಕ ಕೂಡಿಸಿದ ಹಾಗೆ. ಯು-869 ಜಿಬ್ರಾಲ್ಟರ್‌ಗೆ ಹೊರಟಿತ್ತು ಅಂತ ಜರ್ಮನ್ ಕಾಗದ ಹೇಳುತ್ತದೆ. ಫೆಬ್ರವರಿ ಕೊನೆಗೆ ಅದು ಆ ಭಾಗದಲ್ಲೇ ಇರಬೇಕು. ಅದೇ ಭಾಗದಲ್ಲಿ, ಅದೇ ಸಮಯಕ್ಕೆ ಒಂದು ದಾಳಿ ನಡೆದಿದೆ. ಆ ದಾಳಿಗೆ ಬೇರೆ ವಾರಸುದಾರ ಇಲ್ಲ. ಕೂಡಿತು. ಯುದ್ಧಕಾಲದಲ್ಲಿ ಏನೂ ಅಲ್ಲ ಅನ್ನಿಸಿಕೊಂಡಿದ್ದ ದಾಳಿಯ ದರ್ಜೆ ಒಮ್ಮೆಲೇ ಏರಿತು. ಕಡಲಿನಿಂದ ಹೊಸದಾಗಿ ಏನೂ ಸಿಕ್ಕಿರಲಿಲ್ಲ. ಕಾಗದಕ್ಕೆ ಇನ್ನೊಂದು ಕಾಗದ ಸಿಕ್ಕಿತ್ತು.

ಒಂದು ಮಾತು ಗಮನಿಸಿ. ಜರ್ಮನ್ನರು ಎನಿಗ್ಮಾ ಯಂತ್ರದಲ್ಲಿ ಗುಪ್ತಲಿಪಿಗೆ ತಿರುಗಿಸಿ ಕಳಿಸುತ್ತಿದ್ದ ಸಂದೇಶಗಳನ್ನು ಮಿತ್ರಪಕ್ಷಗಳು ಆಗಲೇ ಓದುತ್ತಿದ್ದವು. ಯು-869ಕ್ಕೆ ಮೊದಲು ನ್ಯೂಯಾರ್ಕ್ ಆದೇಶ ಹೋಗಿತ್ತು, ಆಮೇಲಿನ ಜಿಬ್ರಾಲ್ಟರ್ ಆದೇಶಕ್ಕೆ ಉತ್ತರ ಬರಲಿಲ್ಲ ಅನ್ನುವ ಎರಡೂ ಸಂಗತಿ ವಾಷಿಂಗ್ಟನ್‌ನ ದಾಖಲೆಗಳಲ್ಲೇ ಇತ್ತು. ಆದರೆ ಈ ಡೀಕೋಡ್ ವ್ಯವಹಾರ ಯುದ್ಧ ಮುಗಿದು ಎಷ್ಟೋ ವರ್ಷಗಳವರೆಗೆ ಪರಮ ಗುಟ್ಟು. ಗುಟ್ಟು ಬಯಲಾಗುವ ಹೊತ್ತಿಗೆ ರಬಾತ್ ಅನ್ನುವುದು ಪುಸ್ತಕದಿಂದ ಪುಸ್ತಕಕ್ಕೆ ಇಳಿದು ಗಟ್ಟಿಯಾಗಿಬಿಟ್ಟಿತ್ತು.

1991

ನ್ಯೂಜೆರ್ಸಿಯಲ್ಲಿ ಬಿಲ್ ನೇಗಲ್ ಅಂತ ಒಬ್ಬರಿದ್ದರು. ಆಳದ ಡೈವಿಂಗ್‌ನಲ್ಲಿ ಹೆಸರು ಮಾಡಿದವರು, ಸೀಕರ್ ಅನ್ನುವ ದೋಣಿಯ ಮಾಲೀಕ. ತೀರದಿಂದ ದೂರ, ಮೀನು ಚೆನ್ನಾಗಿ ಸಿಗುವ ಒಂದು ಜಾಗದ ಗುರುತು ಅವರಿಗೆ ಒಬ್ಬ ಮೀನುಗಾರಿಕೆ ದೋಣಿಯವರಿಂದ ಸಿಕ್ಕಿತು. ತಳದಲ್ಲಿ ಏನೋ ದೊಡ್ಡದು ಬಿದ್ದಿರುವ ಕಡೆ ಮೀನು ಸೇರುತ್ತವೆ. 1991ರ ಸೆಪ್ಟೆಂಬರ್ 2ರಂದು ಒಂದು ಗುಂಪು ಅಲ್ಲಿಗೆ ಹೋಯಿತು. ಮೊದಲು ಇಳಿದವರು ಜಾನ್ ಚಾಟರ್ಟನ್, ವೃತ್ತಿಯಿಂದಲೇ ಡೈವರ್. ಮರಳಿನ ಮೇಲೆ ಸಬ್‌ಮರೀನ್ ಕಂಡರು.

ಆ ಜಾಗದಲ್ಲಿ ಸಬ್‌ಮರೀನ್ ಇದೆ ಅಂತ ಯಾವ ದಾಖಲೆಯೂ ಹೇಳುತ್ತಿರಲಿಲ್ಲ. ಅಮೆರಿಕದ್ದೂ ಇಲ್ಲ, ಜರ್ಮನಿಯದ್ದೂ ಇಲ್ಲ, ಬ್ರಿಟನ್ನಿನದ್ದೂ ಇಲ್ಲ.

ಮೊದಲ ವಾರಗಳಲ್ಲೇ ಚಾಟರ್ಟನ್ ಎರಡು ಪಿಂಗಾಣಿ ತಟ್ಟೆ ಮೇಲೆ ತಂದರು. ಹಿಂದೆ ಹದ್ದು, ಸ್ವಸ್ತಿಕ, 1942 ಅನ್ನುವ ಇಸವಿ. ಜರ್ಮನ್ ಬೋಟು ಅನ್ನುವುದು ಖಚಿತವಾಯಿತು. ಯಾವುದು ಅನ್ನುವುದು ಮಾತ್ರ ಗೊತ್ತಾಗಲಿಲ್ಲ. ಅದಕ್ಕೆ ಆರು ವರ್ಷ ಹಿಡಿಯಿತು, ಮೂರು ಡೈವರ್‌ಗಳ ಜೀವವೂ ಹೋಯಿತು. ಒಬ್ಬರು ಅದೇ ಸೆಪ್ಟೆಂಬರ್‌ನಲ್ಲಿ. ಇನ್ನಿಬ್ಬರು 1992ರ ಅಕ್ಟೋಬರ್‌ನಲ್ಲಿ, ಅಪ್ಪ ಮತ್ತು ಮಗ.

70 ಮೀಟರ್ ಅಂದರೆ ಕೇಳೋಕೆ ಏನು ಮಹಾ ಅನ್ನಿಸಬಹುದು. ಅಷ್ಟು ಆಳದಲ್ಲಿ ಮಾಮೂಲಿ ಗಾಳಿ ಉಸಿರಾಡಿದರೆ ಅದರಲ್ಲಿರುವ ನೈಟ್ರೋಜನ್ ತಲೆಗೇರುತ್ತದೆ. ಕುಡಿದವರ ಹಾಗೆ ಆಗುತ್ತದೆ: ನೋಟ ಕಿರಿದಾಗುತ್ತದೆ, ಲೆಕ್ಕ ತಪ್ಪುತ್ತದೆ, ಸಣ್ಣ ತೊಡಕೂ ದೊಡ್ಡ ಗಾಬರಿಯಾಗುತ್ತದೆ. ಕೆಳಗೆ ಸಿಗುವುದು ಇಪ್ಪತ್ತು ಇಪ್ಪತ್ತೈದು ನಿಮಿಷ. ಮೇಲೆ ಬರುವಾಗ ಹಂತ ಹಂತವಾಗಿ ನಿಂತು ನಿಂತು ಬರಬೇಕು, ಅದಕ್ಕೆ ಗಂಟೆಗೂ ಜಾಸ್ತಿ. ಆತುರಪಟ್ಟು ಮೇಲೆ ಬಂದರೆ ರಕ್ತದಲ್ಲಿ ಗುಳ್ಳೆ ಕಟ್ಟಿ ಸಾಯಬಹುದು. ಇದರ ಜೊತೆಗೆ ಬೋಟಿನ ಒಳಗೆ ಜೋತುಬಿದ್ದ ತಂತಿ, ಕುಸಿದ ಪೈಪು, ಕೈ ಆಡಿಸಿದರೆ ಎದ್ದು ಕಣ್ಣು ಕಟ್ಟುವ ಹೂಳು. ನಂತರದ ವರ್ಷಗಳಲ್ಲಿ ಕೆಲವರು ಹೀಲಿಯಂ ಬೆರೆಸಿದ ಟ್ರೈಮಿಕ್ಸ್ ಬಳಸತೊಡಗಿದರು. ಆಗ ತಲೆ ನೆಟ್ಟಗಿರುತ್ತಿತ್ತು, ಅಷ್ಟರ ಮಟ್ಟಿಗೆ ಅಪಾಯ ಕಡಿಮೆ.

ಚಾಕು, ಆಕ್ಸಿಜನ್ ಸೀಸೆ, ಮತ್ತು ತಜ್ಞರ ಹಟ

ನವೆಂಬರ್ 1991ರಲ್ಲಿ ಚಾಟರ್ಟನ್‌ಗೆ ಒಂದು ಊಟದ ಚಾಕು ಸಿಕ್ಕಿತು. ಮರದ ಹಿಡಿ. ಅದರ ಮೇಲೆ ಯಾರೋ ಕೈಯಿಂದ ಕೆತ್ತಿದ ಹೆಸರು: ಹೋರೆನ್‌ಬುರ್ಗ್. ಹುಡುಗರ ನಡುವೆ ಚಾಕು ಅದಲುಬದಲಾಗದಿರಲಿ ಅಂತ ಕೆತ್ತಿಕೊಂಡಿರಬೇಕು.

ಹುಡುಕಿದರೆ ಜರ್ಮನ್ ಯು-ಬೋಟ್ ಪಡೆಯಲ್ಲಿ ಮಾರ್ಟಿನ್ ಹೋರೆನ್‌ಬುರ್ಗ್ ಅಂತ ಒಬ್ಬ ರೇಡಿಯೋ ಆಪರೇಟರ್ ಇದ್ದದ್ದು ಗೊತ್ತಾಯಿತು. ಯಾವ ಬೋಟು? ಯು-869. ಅದು ಮುಳುಗಿದ್ದೆಲ್ಲಿ? ಆಫ್ರಿಕಾದ ಹತ್ತಿರ.

ಇಲ್ಲಿ ನಿಂತು ಯೋಚಿಸಬೇಕು. ಒಂದು ಕೈಯಲ್ಲಿ ಕಡಲ ತಳದಿಂದ ತಂದ ಚಾಕು, ಹೆಸರು ಸಮೇತ. ಇನ್ನೊಂದು ಕೈಯಲ್ಲಿ ದಶಕಗಳ ಹಿಂದೆ ಊಹಿಸಿ ಬರೆದ ಒಂದು ಸಾಲು. ಯಾವುದನ್ನು ನಂಬಬೇಕು? ಬಹುಪಾಲು ಬಲ್ಲವರು ಸಾಲನ್ನೇ ನಂಬಿದರು. ಚಾಕು ಕಳೆದುಹೋಗಿ ಬೇರೆ ಯಾರಿಗೋ ಸಿಕ್ಕಿರಬಹುದು, ಯಾರೋ ಎರವಲು ತೆಗೆದುಕೊಂಡಿರಬಹುದು, ಬೇರೆ ಬೋಟಿನಲ್ಲಿ ಬಿಟ್ಟುಬಂದಿರಬಹುದು. ಇವೆಲ್ಲ ಆಗಬಾರದ್ದೇನಲ್ಲ. ಡೈವರ್‌ಗಳು ಕೂಡ ಇದನ್ನು ಒಪ್ಪಿಕೊಂಡು ಯು-869 ಅನ್ನು ಪಕ್ಕಕ್ಕಿಟ್ಟರು. ಅವರನ್ನು ದೂರುವಂತಿಲ್ಲ. ಮುದ್ರಣವಾದ ಪುಸ್ತಕ, ಎರಡು ದೇಶಗಳ ನೌಕಾಪಡೆ, ಎಲ್ಲರೂ ಒಂದೇ ಮಾತು ಹೇಳುವಾಗ ಒಂದು ಊಟದ ಚಾಕು ಎಷ್ಟು ವಾದ ಮಾಡೀತು? ಎಲ್ಲರ ಮಾತಿಗೂ ಮೂಲ ಒಂದೇ ಸಾಲು ಅನ್ನುವುದು ಮೇಲ್ನೋಟಕ್ಕೆ ಕಾಣಿಸುತ್ತಿರಲಿಲ್ಲ.

ಹುಡುಕಾಟ ಬೇರೆ ಬೇರೆ ಕಡೆ ತಿರುಗಿತು. ಬೋಟಿನೊಳಗೆ ಸಿಕ್ಕ ಒಂದು ನಕ್ಷೆಯ ತುಣುಕಿನಿಂದ ಇದು ಒಂಬತ್ತನೇ ಮಾದರಿ, ಬ್ರೆಮೆನ್‌ನಲ್ಲಿ ಕಟ್ಟಿದ್ದು ಅಂತ ತಿಳಿಯಿತು. 1942ರ ಜುಲೈನಲ್ಲಿ ನ್ಯೂಜೆರ್ಸಿ ಹತ್ತಿರ ಸ್ವಯಂಸೇವಕ ಪೈಲಟ್‌ಗಳು ಒಂದು ಯು-ಬೋಟ್ ಮುಳುಗಿಸಿದೆವು ಅಂತ ಹೇಳಿಕೊಂಡಿದ್ದರು, ಅದನ್ನೂ ಜಾಲಾಡಿದರು. ಏಪ್ರಿಲ್ 1945ರಲ್ಲಿ ಇನ್ನೂ ಉತ್ತರಕ್ಕೆ ಕಾಣೆಯಾದ ಯು-857 ಇದೇ ಇರಬಹುದು ಅಂತ ಬಹಳ ದಿನ ಅಂದುಕೊಂಡಿದ್ದರು.

ಈ ಮಧ್ಯೆ ಸಿಕ್ಕ ಒಂದು ವಸ್ತು ಎಲ್ಲ ಊಹೆಗಳಿಗೂ ಲಗಾಮು ಹಾಕಿತು. ಮುಳುಗಿದ ಬೋಟಿನಿಂದ ಪಾರಾಗಲು ನಾವಿಕರು ತೊಡುವ ಉಸಿರಾಟದ ಚೀಲ, ಅದರ ಜೊತೆ ಪುಟ್ಟ ಆಕ್ಸಿಜನ್ ಸೀಸೆ. ಚಾಟರ್ಟನ್ ಅದನ್ನು ಒಣಗಲಿ ಅಂತ ಗ್ಯಾರೇಜಿನಲ್ಲಿ ಇಟ್ಟರು. ಸೀಸೆಯಲ್ಲಿ ಐದು ದಶಕದಿಂದ ಒತ್ತಡ ಹಾಗೇ ಇತ್ತು. ತುಕ್ಕು ಹಿಡಿದ ಲೋಹ ತಡೆಯಲಿಲ್ಲ, ಢಂ ಅಂತ ಸಿಡಿಯಿತು. ಗ್ಯಾರೇಜು ಚಿಂದಿ. ಸದ್ಯ, ಯಾರೂ ಹತ್ತಿರ ಇರಲಿಲ್ಲ. ಸಿಡಿದ ರಭಸಕ್ಕೆ ಸೀಸೆಯ ಮೇಲಿನ ಕಿಟ್ಟ ಎಲ್ಲ ಕಿತ್ತು ಹೋಗಿ ಒಳಗಿನ ಅಚ್ಚು ಕಾಣಿಸಿತು: 15.4.44. ಸೀಸೆಯನ್ನು ಪರೀಕ್ಷೆ ಮಾಡಿದ ದಿನ. ಅಂದರೆ 1944ರ ಏಪ್ರಿಲ್ 15ರಂದು ಈ ಬೋಟು ಇನ್ನೂ ಬದುಕಿತ್ತು. 1942ರ ಪೈಲಟ್‌ಗಳ ಕಥೆ ಅಲ್ಲಿಗೆ ಮುಗಿಯಿತು.

ಏಪ್ರಿಲ್ 1944ರ ನಂತರ, ಬ್ರೆಮೆನ್ ಬೋಟು, ಅಮೆರಿಕದ ಕಡೆ ಬಂದದ್ದು. ಪಟ್ಟಿ ಬಹಳ ಚಿಕ್ಕದಾಯಿತು. ಚಾಟರ್ಟನ್ ಮತ್ತು ಜೊತೆಗಾರ ರಿಚಿ ಕೋಲರ್ ವಾಷಿಂಗ್ಟನ್‌ನಲ್ಲಿ ಕೂತು ಡೀಕೋಡ್ ಆದ ಸಂದೇಶಗಳನ್ನು ಓದಿದಾಗ ಆ ನ್ಯೂಯಾರ್ಕ್ ಆದೇಶ ಸಿಕ್ಕಿತು, ಉತ್ತರವಿಲ್ಲದ ಜಿಬ್ರಾಲ್ಟರ್ ಆದೇಶವೂ ಸಿಕ್ಕಿತು. ಚಾಕು ಸುಳ್ಳು ಹೇಳಿರಲಿಲ್ಲ. ಮನಸ್ಸಿನಲ್ಲಿ ಆಗಲೇ ತೀರ್ಮಾನವಾಗಿತ್ತು, ಆದರೆ ಬೋಟಿನ ನಂಬರ್ ಇರುವ ವಸ್ತು ಕೈಗೆ ಬರುವವರೆಗೆ ಪುಸ್ತಕಗಳು ಬದಲಾಗುವುದಿಲ್ಲ ಅಂತ ಅವರಿಗೆ ಗೊತ್ತಿತ್ತು.

ಆ ವಸ್ತು 1997ರ ಆಗಸ್ಟ್ 31ರಂದು ಬಂತು. ಹಿಂಭಾಗದ ಎಲೆಕ್ಟ್ರಿಕ್ ಮೋಟರ್ ಕೋಣೆಯಲ್ಲಿ ಬಿಡಿಭಾಗಗಳ ಪೆಟ್ಟಿಗೆಗಳಿದ್ದವು. ಅಲ್ಲಿಗೆ ಹೋಗುವ ದಾರಿಗೆ ಅಡ್ಡ ಕುಸಿದುಬಿದ್ದ ಕಬ್ಬಿಣ, ಬೆನ್ನಿನ ಟ್ಯಾಂಕ್‌ಗಳೊಂದಿಗೆ ಅದರಲ್ಲಿ ತೂರುವಂತಿಲ್ಲ. ಚಾಟರ್ಟನ್ ಒಂದೇ ಟ್ಯಾಂಕ್ ಹಿಡಿದು ತೂರಿ ಒಳಗೆ ಹೋದರು. ಹುಚ್ಚುಸಾಹಸವೇ, ಬೇರೆ ಹೆಸರಿಲ್ಲ. ಪೆಟ್ಟಿಗೆಯ ಮೇಲಿನ ಪಟ್ಟಿಯಲ್ಲಿ ಯು-869 ಅಂತ ಇತ್ತು. ಈ ಹುಡುಕಾಟ ಶುರುಮಾಡಿದ ನೇಗಲ್ ಅದನ್ನು ನೋಡಲಿಲ್ಲ, 1993ರಲ್ಲೇ ತೀರಿಕೊಂಡಿದ್ದರು.

ಬೋಟಿನ ಒಳಗೆ ಮೂಳೆಗಳೂ ಇದ್ದವು. ಗುರುತಿನ ಪದಕವೋ, ಕಾಗದವೋ ಸಿಗಬಹುದು ಅಂತ ಮೂಳೆಗಳ ನಡುವೆ ಕೈಹಾಕಿದ್ದರೆ ಬಹುಶಃ ಬೇಗ ಉತ್ತರ ಸಿಗುತ್ತಿತ್ತು. ಅದನ್ನು ಮಾಡಬಾರದು ಅಂತ ಚಾಟರ್ಟನ್ ಮತ್ತು ಕೋಲರ್ ಇಬ್ಬರೂ ಮೊದಲೇ ನಿರ್ಧರಿಸಿದ್ದರು. ಆಮೇಲೆ ಕೋಲರ್ ಜರ್ಮನಿಗೆ ಹೋಗಿ ಸತ್ತವರ ಮನೆಯವರನ್ನು ಭೇಟಿಯಾದರು. ಕಾಯಿಲೆಯಿಂದ ದಡದಲ್ಲಿ ಉಳಿದಿದ್ದ ಆ ರೇಡಿಯೋ ಆಪರೇಟರ್ ಆಗ ಇನ್ನೂ ಬದುಕಿದ್ದರು, ಬೋಟಿನ ಹುಡುಗರ ಬಗ್ಗೆ ಅವರಿಂದಲೇ ಎಷ್ಟೋ ವಿಷಯ ತಿಳಿಯಿತು.

ಹಾಗಾದರೆ ಮುಳುಗಿಸಿದ್ದು ಯಾರು?

ಇಲ್ಲಿಗೆ ಕಥೆ ಮುಗಿಯಿತು ಅಂತ ಎಷ್ಟೋ ಜನ ನಿಲ್ಲಿಸುತ್ತಾರೆ. ನನ್ನ ಪ್ರಕಾರ ಪ್ರಕರಣದ ನಿಜವಾದ ಕಗ್ಗಂಟು ಇಲ್ಲಿಂದ ಶುರು. ಯಾವ ಬೋಟು ಅಂತ ಗೊತ್ತಾಯಿತು. ಹೇಗೆ ಸತ್ತಿತು?

ಬೋಟಿನ ಮೈಮೇಲೆ ಎರಡು ಕಡೆ ಪೆಟ್ಟಿದೆ. ನಡುವೆ, ಕಂಟ್ರೋಲ್ ರೂಮ್ ಇರುವ ಕಡೆ, ದೊಡ್ಡ ಬಾಯಿ ತೆರೆದ ಹಾಗೆ ಒಡೆದಿದೆ. ಮೇಲಿನ ಗೋಪುರ ಕಿತ್ತುಕೊಂಡು ಪಕ್ಕದ ಮರಳಿನ ಮೇಲೆ ಬಿದ್ದಿದೆ. ಇನ್ನೊಂದು ಪೆಟ್ಟು ಹಿಂಭಾಗದಲ್ಲಿ.

ಚಾಟರ್ಟನ್ ಮತ್ತು ಕೋಲರ್ ಅವರ ವಾದ: ತನ್ನದೇ ಟಾರ್ಪೆಡೊ. ಆಗ ಜರ್ಮನ್ನರ ಬಳಿ ಟಿ-5 ಅನ್ನುವ ಟಾರ್ಪೆಡೊ ಇತ್ತು. ಹಡಗಿನ ಪ್ರೊಪೆಲ್ಲರ್ ಸದ್ದನ್ನು ಕೇಳಿಸಿಕೊಂಡು ಅದರ ಬೆನ್ನು ಹತ್ತುವಂಥದ್ದು. ಕಿವಿ ಇರುವ ಆಯುಧಕ್ಕೆ ನಮ್ಮವರು ಪರರು ಅಂತ ಗೊತ್ತಾಗಲ್ಲ. ಅದಕ್ಕೇ ಇದನ್ನು ಹಾರಿಸಿದ ತಕ್ಷಣ ಬೋಟು ಆಳಕ್ಕೆ ಇಳಿಯಬೇಕು, ಸದ್ದಡಗಿಸಿ ಕೂರಬೇಕು ಅಂತ ಕಟ್ಟುನಿಟ್ಟಿನ ಆದೇಶ ಇತ್ತು. ಸಿಡಿತಲೆಯಲ್ಲಿ ಸುಮಾರು 270 ಕೆ.ಜಿ. ಸ್ಫೋಟಕ. ಮಧ್ಯದ ಆ ದೊಡ್ಡ ರಂಧ್ರಕ್ಕೆ ಇದು ಚೆನ್ನಾಗಿ ಹೊಂದುತ್ತದೆ. ತನ್ನ ಟಾರ್ಪೆಡೊಗೆ ತಾನೇ ಬಲಿಯಾಗುವುದು ಕಟ್ಟುಕಥೆಯೂ ಅಲ್ಲ. ಅಮೆರಿಕದ ಟ್ಯಾಂಗ್ ಸಬ್‌ಮರೀನ್ 1944ರ ಅಕ್ಟೋಬರ್‌ನಲ್ಲಿ ತೈವಾನ್ ಜಲಸಂಧಿಯಲ್ಲಿ ಹಾಗೇ ಸತ್ತಿತು. ತಾನು ಬಿಟ್ಟ ಕೊನೆಯ ಟಾರ್ಪೆಡೊ ಸುತ್ತು ಹೊಡೆದು ವಾಪಸ್ ಬಂದು ಬಡಿಯಿತು. ಒಂಬತ್ತು ಜನ ಬದುಕಿ ಬಂದು ಹೇಳಿದ್ದರಿಂದ ನಮಗೆ ಗೊತ್ತು. ಅದೇ ವರ್ಷದ ಮಾರ್ಚ್‌ನಲ್ಲಿ ಟಲ್ಲಿಬೀ ಕೂಡ ಹಾಗೇ ಹೋಯಿತು, ಬದುಕಿದ್ದು ಒಬ್ಬನೇ. ಆ ಒಬ್ಬನೂ ಸತ್ತಿದ್ದರೆ ಟಲ್ಲಿಬೀ ಹೆಸರಿನ ಮುಂದೆ ಯಾರು ಏನು ಬರೆಯುತ್ತಿದ್ದರೋ.

ಆದರೆ ಈ ವಾದದಲ್ಲಿ ಎರಡು ತೊಡಕಿದೆ. ಟಾರ್ಪೆಡೊ ಹಾರಿಸಬೇಕಾದರೆ ಗುರಿಯಾಗಿ ಒಂದು ಹಡಗು ಬೇಕು. ಎರಡನೆಯದು, ಒಂದು ಟಾರ್ಪೆಡೊ ಒಂದು ರಂಧ್ರ ಮಾಡುತ್ತದೆ. ಹಿಂಭಾಗದ ಪೆಟ್ಟು ಎಲ್ಲಿಂದ ಬಂತು?

ಇಲ್ಲಿ ಬರುತ್ತದೆ ಎರಡನೇ ವಾದ. 1945ರ ಫೆಬ್ರವರಿ 11ರಂದು ಇದೇ ಕಡಲಿನಲ್ಲಿ ಹೊವಾರ್ಡ್ ಡಿ. ಕ್ರೋ ಎಂಬ ಬೆಂಗಾವಲು ಹಡಗಿಗೆ ಸೋನಾರ್‌ನಲ್ಲಿ ಗುರಿ ಸಿಕ್ಕಿತ್ತು. ಅದನ್ನು ನಡೆಸುತ್ತಿದ್ದವರು ಅಮೆರಿಕದ ಕೋಸ್ಟ್ ಗಾರ್ಡ್ ಸಿಬ್ಬಂದಿ. ಅವರು ಹೆಡ್ಜ್‌ಹಾಗ್ ಬಳಸಿದರು. ಅದು ಒಮ್ಮೆಗೆ 24 ಸಣ್ಣ ಬಾಂಬ್‌ಗಳನ್ನು ಹಡಗಿನ ಮುಂದಕ್ಕೆ ಚಿಮ್ಮಿಸುವ ಸಾಧನ. ಏನಕ್ಕಾದರೂ ತಗುಲಿದರೆ ಮಾತ್ರ ಸಿಡಿಯುತ್ತದೆ. ಸ್ಫೋಟ ಕೇಳಿಸಿತು. ಕೋಯ್ನರ್ ಅನ್ನುವ ಇನ್ನೊಂದು ಹಡಗು ನೆರವಿಗೆ ಬಂದು ತಾನೂ ದಾಳಿ ಮಾಡಿತು. ಗುರಿ ಅಲುಗಾಡಲಿಲ್ಲ. ಕೋಯ್ನರ್‌ನವರು ಇದು ಸಬ್‌ಮರೀನ್ ಅಲ್ಲ, ತಳದಲ್ಲಿ ಬಿದ್ದ ಹಳೇ ಹಡಗು ಅಂತ ತೀರ್ಮಾನಿಸಿದರು. ಎರಡೂ ಹಡಗು ಕಾನ್ವಾಯ್ ಸೇರಿಕೊಂಡವು. ವರದಿ ಕಡತಕ್ಕೆ ಹೋಯಿತು, ಅಲ್ಲೇ ಮಲಗಿತು.

ಆ ತೀರ್ಮಾನವೂ ತಲೆ ಇಲ್ಲದ್ದೇನಲ್ಲ. ಆ ಕರಾವಳಿಯ ತಳದಲ್ಲಿ ಮುಳುಗಿದ ಹಡಗುಗಳು ಬೇಕಾದಷ್ಟಿವೆ. ಹೆಡ್ಜ್‌ಹಾಗ್ ಹಳೇ ಕಬ್ಬಿಣಕ್ಕೆ ತಗುಲಿದರೂ ಸಿಡಿಯುತ್ತದೆ. ಆದರೆ ಮೊದಲ ದಾಳಿಯಲ್ಲೇ ಬೋಟು ಸತ್ತು ತಳ ಸೇರಿತ್ತು ಅಂದುಕೊಳ್ಳಿ. ಕೋಯ್ನರ್ ಬಂದು ನೋಡುವಾಗ ಅದು ಅಲುಗಾಡುವುದಾದರೂ ಹೇಗೆ? ಕೋಯ್ನರ್‌ನವರು ಹೇಳಿದ್ದು ಆಗ ನಿಜವೇ: ಕೆಳಗಿದ್ದದ್ದು ಮುಳುಗಿದ ಹಡಗೇ. ಹಳೆಯದಲ್ಲ, ಅಷ್ಟೇ. ಹೆಡ್ಜ್‌ಹಾಗ್‌ನಿಂದ ಒಂದು ಪೆಟ್ಟು, ಆಮೇಲಿನ ಡೆಪ್ತ್ ಚಾರ್ಜ್‌ನಿಂದ ಇನ್ನೊಂದು. ಎರಡು ರಂಧ್ರಕ್ಕೆ ಲೆಕ್ಕ ಸಿಗುತ್ತದೆ. ಕ್ರೋ ಹಡಗಿನಲ್ಲಿ ಅಂದು ಇದ್ದ ಒಬ್ಬ ಅಧಿಕಾರಿ ವಯಸ್ಸಾದ ಮೇಲೂ ಈ ಮಾತನ್ನು ಬಿಡದೆ ಹೇಳುತ್ತಿದ್ದರು.

ಇದರ ವಿರುದ್ಧ ಹೇಳುವವರ ಮಾತಿನಲ್ಲೂ ತೂಕ ಇದೆ. ಹೆಡ್ಜ್‌ಹಾಗ್ ಬಾಂಬಿನಲ್ಲಿ ಇರುವುದು ಸುಮಾರು 16 ಕೆ.ಜಿ. ಸ್ಫೋಟಕ. ಬೋಟನ್ನು ಕೊಲ್ಲಲು ಅಷ್ಟು ಸಾಕು, ನೀರಿನ ಒತ್ತಡ ತಡೆಯುವ ಒಳಕವಚವನ್ನು ತೂತು ಮಾಡಿದರೆ ಆಯಿತು. ಆದರೆ ಮಧ್ಯದ ಆ ಬಾಯಿ ಅದಕ್ಕೆ ಮೀರಿದ್ದು ಅನ್ನಿಸುತ್ತದೆ. ಆಗ ಡೆಪ್ತ್ ಚಾರ್ಜ್ ಬಹಳ ಹತ್ತಿರ ಸಿಡಿದಿರಬೇಕು. ಜೊತೆಗೆ, ಐವತ್ತು ವರ್ಷ ಉಪ್ಪುನೀರು ತಿಂದ ಕಬ್ಬಿಣ. ಇಂದು ಕಾಣುವ ರಂಧ್ರದಲ್ಲಿ ಸ್ಫೋಟದ ಪಾಲೆಷ್ಟು, ತುಕ್ಕಿನ ಪಾಲೆಷ್ಟು, ಮೀನುಗಾರರ ಬಲೆ ಸಿಕ್ಕಿ ಎಳೆದದ್ದೆಷ್ಟು ಅಂತ ಬಿಡಿಸಿ ಹೇಳುವುದು ಸುಲಭವಲ್ಲ.

ನನಗೆ ಕ್ರೋ ಕಡೆಯ ವಾದ ಜಾಸ್ತಿ ಒಪ್ಪಿಗೆ. ಜಾಗ, ಕಾಲ, ಎರಡು ಪೆಟ್ಟು, ಮೂರೂ ಒಂದೇ ಘಟನೆಯಲ್ಲಿ ಕೂಡುತ್ತವೆ. ಟಾರ್ಪೆಡೊ ವಾದಕ್ಕೆ ಯಾರೂ ನೋಡದ ಒಂದು ಗುರಿ ಹಡಗನ್ನು ಸೇರಿಸಿಕೊಳ್ಳಬೇಕು. ಆದರೆ ಹೀಗೆ ಹೇಳುವಾಗ ಒಂದು ಅಳುಕಿದೆ. 'ಜಾಗ ಕೂಡಿತು, ಕಾಲ ಕೂಡಿತು, ಬೇರೆ ವಾರಸುದಾರ ಇಲ್ಲ' ಅಂತಲೇ ಅಲ್ಲವೇ ಯುದ್ಧದ ನಂತರ ಪಟ್ಟಿ ಹೊಂದಿಸಿದವರು ರಬಾತ್‌ಗೆ ಮುದ್ರೆ ಒತ್ತಿದ್ದು! ಒಂದೇ ವ್ಯತ್ಯಾಸ ಅಂದರೆ ಈ ಸಲ ತಳದಲ್ಲಿ ನಿಜವಾಗಿಯೂ ಒಂದು ಬೋಟು ಇದೆ. ಅದು ದೊಡ್ಡ ವ್ಯತ್ಯಾಸವೇ.

ಎರಡೂ ದಾಳಿಗಳನ್ನು ಪಕ್ಕಪಕ್ಕ ಇಟ್ಟು ನೋಡಿದರೆ ತಮಾಷೆ ಕಾಣುತ್ತದೆ. ಯು-869ರ ಗಾಳಿಯೂ ಸೋಕದ ಫೌಲರ್‌ಗೆ ಐವತ್ತು ವರ್ಷ ಅದನ್ನು ಮುಳುಗಿಸಿದ ಹೆಗ್ಗಳಿಕೆ. ಬಹುಶಃ ನಿಜವಾಗಿ ಮುಳುಗಿಸಿದವರಿಗೆ 'ಹಳೇ ಹಡಗಿಗೆ ಬಾಂಬು ಹಾಕಿದಿರಿ' ಅನ್ನುವ ಷರಾ. ಯುದ್ಧಕಾಲದ ಪರಿಶೀಲಕರು ಫೌಲರ್ ವಿಷಯದಲ್ಲಿ ಮೊದಲು ಕೊಟ್ಟ ಕೆಳದರ್ಜೆಯೇ ಸರಿಯಾಗಿತ್ತು. ಎಲ್ಲ ಕಾಗದ ಕೈಗೆ ಬಂದ ಮೇಲೆ, ಜಾಸ್ತಿ ತಿಳಿದ ಮೇಲೆ, ಅದನ್ನು ತಿದ್ದಿ ಕೆಡಿಸಿದರು.

ಇಂಥದ್ದು ಇದೊಂದೇ ಅಲ್ಲ. ಅಮೆರಿಕದ ಗ್ರೇಬ್ಯಾಕ್ 1944ರ ಫೆಬ್ರವರಿಯಲ್ಲಿ 80 ಜನರೊಂದಿಗೆ ಕಾಣೆಯಾಯಿತು. ಅದರ ಮೇಲೆ ಬಾಂಬು ಹಾಕಿದ ಜಪಾನಿ ವಿಮಾನದ ವರದಿ ಇತ್ತು, ರೇಖಾಂಶ ಸಮೇತ. ಯುದ್ಧದ ನಂತರ ಅದನ್ನು ಇಂಗ್ಲಿಷಿಗೆ ಇಳಿಸುವಾಗ ಒಂದು ಅಂಕಿ ತಪ್ಪಿತು. 75 ವರ್ಷ ಎಲ್ಲರೂ ತಪ್ಪು ಜಾಗವನ್ನೇ ನಂಬಿಕೊಂಡಿದ್ದರು. 2019ರಲ್ಲಿ ಯಾರೋ ಮೂಲ ಜಪಾನಿ ದಾಖಲೆಯನ್ನೇ ತೆಗೆದು ಓದಿದ ಮೇಲೆ ಬೋಟು ಒಕಿನಾವಾ ಹತ್ತಿರ ಸಿಕ್ಕಿತು.

ಈಗ ಯು-ಬೋಟ್‌ಗಳ ಪಟ್ಟಿ ಇಟ್ಟಿರುವ ಸಂಶೋಧಕರಲ್ಲಿ ಹೆಚ್ಚಿನವರು ಯು-869ರ ಮುಂದೆ ಫೆಬ್ರವರಿ 11, ಕ್ರೋ ಮತ್ತು ಕೋಯ್ನರ್ ಅಂತ ಬರೆಯುತ್ತಾರೆ. ಬೋಟನ್ನು ಕಂಡುಹಿಡಿದ ಡೈವರ್‌ಗಳು ಕಟ್ಟಿದ್ದು ಟಾರ್ಪೆಡೊ ವಾದವನ್ನು. ಇನ್ನು ಫೌಲರ್ ಮತ್ತು ಲ್ಯಾಂಡಿಸ್ಕ್ರೆ ಹಡಗಿನವರು ಆ ದಿನ ರಬಾತ್ ಹತ್ತಿರ ಅಷ್ಟೊಂದು ಡೆಪ್ತ್ ಚಾರ್ಜ್ ಸುರಿದದ್ದು ಯಾವುದರ ಮೇಲೆ ಅನ್ನುವ ಜಾಗದಲ್ಲಿ ಈಗ ಯಾವ ಬೋಟಿನ ಹೆಸರೂ ಇಲ್ಲ.